ಅರಿವಿನ ಎಲ್ಲೆಯಲ್ಲಿ ನಿಂತ ವೈದ್ಯ: ಕಾರ್ಲ್ ಯಾಸ್ಪರ್ಸ್

ಕನ್ನಡದ ನವ್ಯಸಾಹಿತ್ಯದ ದಿನಗಳನ್ನು ಕಂಡವರಿಗೆ ಅಸ್ತಿತ್ವವಾದವೆಂಬ ಪದ ಹೊಸತಲ್ಲ. 1960ರ ದಶಕದ ನಮ್ಮ ಕಥೆ, ಕಾದಂಬರಿ, ವಿಮರ್ಶೆಗಳ ಚರ್ಚೆಯಲ್ಲಿ ಫ್ರಾನ್ಸಿನ ಸಾರ್ತ್ರ್ ಹಾಗೂ ಕಾಮೂ ಅವರ ಹೆಸರುಗಳು ಧಾರಾಳವಾಗಿ ಬಳಕೆಯಾಗುತ್ತಿದ್ದವು. ಆದರೆ ಅವರಿಬ್ಬರಿಗಿಂತ ಒಂದು ತಲೆಮಾರು ಹಿರಿಯರಾಗಿ, ಜರ್ಮನಿಯಲ್ಲಿ ಈ ಚಿಂತನೆಗೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಕಾರ್ಲ್ ಯಾಸ್ಪರ್ಸ್ ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರಲಿಲ್ಲ. ಅವರು ಕಾದಂಬರಿ ಬರೆದವರಲ್ಲ, ನಾಟಕ ಬರೆದವರೂ ಅಲ್ಲ. ಬರೆದದ್ದೆಲ್ಲ ದಪ್ಪ ದಪ್ಪ ಶಾಸ್ತ್ರಗ್ರಂಥಗಳು. ಪ್ರಾಯಶಃ ಅದೇ ಕಾರಣವಿರಬೇಕು. ಆದರೂ ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನನ್ನು ಎಷ್ಟರಮಟ್ಟಿಗೆ ಅರಿಯಬಲ್ಲನು, ಆ ಅರಿವು ಎಲ್ಲಿ ನಿಂತುಹೋಗುತ್ತದೆ, ನಿಂತುಹೋದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಆಸ್ಪತ್ರೆಯ ಕೋಣೆಯಿಂದ ಹಿಡಿದು ತಮ್ಮ ಮನೆಯ ಹೊಸಿಲಿನವರೆಗೆ ಅಷ್ಟು ದೀರ್ಘಕಾಲ ಹೊತ್ತು ನಡೆದ ಇನ್ನೊಬ್ಬ ತತ್ತ್ವಜ್ಞಾನಿಯನ್ನು ಆ ಶತಮಾನದಲ್ಲಿ ಕಾಣುವುದು ಕಷ್ಟ. ಅವರ ಬದುಕನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಯಾಸ್ಪರ್ಸ್ ಜನಿಸಿದ್ದು 1883ರ ಫೆಬ್ರವರಿ 23ರಂದು, ಉತ್ತರ ಜರ್ಮನಿಯ ಓಲ್ಡೆನ್‌ಬುರ್ಗ್ ಎಂಬ ಊರಿನಲ್ಲಿ. ಉತ್ತರ ಸಮುದ್ರ ಅಲ್ಲಿಗೆ ದೂರವಲ್ಲ. ತಂದೆ ಕಾನೂನು ಓದಿದವರು. ಜಿಲ್ಲೆಯ ಆಡಳಿತಾಧಿಕಾರಿಯಾಗಿದ್ದು ಮುಂದೆ ಬ್ಯಾಂಕೊಂದರ ನಿರ್ದೇಶಕರಾದರು. ತಾಯಿ ಅದೇ ಸೀಮೆಯ ಕೃಷಿಕ ಮನೆತನದವರು. ಬಾಲ್ಯದಲ್ಲಿ ತಂದೆಯ ಕೈಹಿಡಿದು, ಇಳಿತದ ವೇಳೆ ದೂರದವರೆಗೆ ಬಯಲಾಗುವ ಕಡಲ ತೀರದಲ್ಲಿ ನಡೆದ ನೆನಪು ಅವರಲ್ಲಿ ಕೊನೆಯವರೆಗೂ ಉಳಿದಿತ್ತು. ಕಡಲಿನ ಮುಂದೆ ನಿಂತಾಗ ಕಣ್ಣಿಗೆ ಎಲ್ಲಿಯೂ ಗೋಡೆ ಸಿಗುವುದಿಲ್ಲ; ಅನಂತವೆಂಬುದು ಅಲ್ಲಿ ಮೊದಲು ತಮ್ಮ ಅನುಭವಕ್ಕೆ ಬಂದಿತೆಂದು ವೃದ್ಧಾಪ್ಯದಲ್ಲಿ ಅವರು ಬರೆದುಕೊಂಡಿದ್ದಾರೆ. ಶಾಲೆಯಲ್ಲಿ ಮಾತ್ರ ಗೋಡೆಗಳು ಸಿಕ್ಕವು. ಅರ್ಥವಾಗದ ಆಜ್ಞೆಯನ್ನು ಪಾಲಿಸಲು ಒಪ್ಪದ ಹುಡುಗನಿಗೂ ಸೈನಿಕ ಶಿಸ್ತನ್ನು ಬಯಸುತ್ತಿದ್ದ ಮುಖ್ಯಾಧ್ಯಾಪಕರಿಗೂ ಹೊಂದಿಕೆಯಾಗಲಿಲ್ಲ. ಅಪ್ಪಂದಿರ ಅಂತಸ್ತಿಗೆ ತಕ್ಕಂತೆ ವಿಂಗಡವಾಗಿದ್ದ ವಿದ್ಯಾರ್ಥಿ ಸಂಘಗಳನ್ನು ಸೇರಲು ಅವರು ನಿರಾಕರಿಸಿದರು. ಅದರ ಪರಿಣಾಮವಾಗಿ ಸಹಪಾಠಿಗಳಿಂದಲೂ ದೂರವಾದರು.

ಅವರ ಬದುಕಿನ ದಿಕ್ಕನ್ನು ಬದಲಿಸಿದ್ದು ಒಂದು ಕಾಯಿಲೆ. ಚಿಕ್ಕಂದಿನಿಂದಲೂ ಕೆಮ್ಮು, ಆಯಾಸಗಳಿಂದ ನರಳುತ್ತಿದ್ದ ಅವರನ್ನು 18ನೆಯ ವಯಸ್ಸಿನಲ್ಲಿ, 1901ರಲ್ಲಿ, ಆಲ್ಬರ್ಟ್ ಫ್ರೆಂಕೆಲ್ ಎಂಬ ವೈದ್ಯರು ಪರೀಕ್ಷಿಸಿದರು. ಶ್ವಾಸನಾಳಗಳು ಹಿಗ್ಗಿ ಕೀವು ತುಂಬಿಕೊಳ್ಳುವ ರೋಗ, ಅದರಿಂದ ಹೃದಯಕ್ಕೂ ದೌರ್ಬಲ್ಯ ಎಂದು ನಿರ್ಣಯವಾಯಿತು. ಆಗ ಈ ರೋಗಕ್ಕೆ ಪ್ರತಿಜೈವಿಕ ಔಷಧಗಳಿರಲಿಲ್ಲ. ಇಂಥ ರೋಗಿಗಳು ಮೂವತ್ತು ದಾಟಿ ಹೆಚ್ಚು ವರ್ಷ ಉಳಿಯುವುದಿಲ್ಲವೆಂದು ಸುಪ್ರಸಿದ್ಧ ವೈದ್ಯವಿಜ್ಞಾನಿ ವಿರ್ಚೋ ಬರೆದಿದ್ದ ಲೇಖನವನ್ನು ಆ ತರುಣ ಸ್ವತಃ ಓದಿದರು. ಓದಿ ಕಂಗೆಡಲಿಲ್ಲ, ಮರೆತು ಕುಳಿತುಕೊಳ್ಳಲೂ ಇಲ್ಲ. ದಿನಕ್ಕೆ ಎಷ್ಟು ಹೊತ್ತು ಮಲಗಬೇಕು, ಕಫವನ್ನು ಯಾವ ಭಂಗಿಯಲ್ಲಿ ಹೊರಹಾಕಬೇಕು, ಎಷ್ಟು ದೂರ ನಡೆಯಬಹುದು, ಎಷ್ಟು ಜನರೊಡನೆ ಮಾತನಾಡಬಹುದು ಎಂಬುದನ್ನೆಲ್ಲ ಲೆಕ್ಕಹಾಕಿ ಬದುಕನ್ನು ಕಟ್ಟಿಕೊಂಡರು. ಕುದುರೆ ಸವಾರಿ, ನೃತ್ಯ, ಬೆಟ್ಟ ಹತ್ತುವುದು ಮೊದಲಾಗಿ ಆ ಕಾಲದ ಜರ್ಮನ್ ಯುವಕರ ಸಂತೋಷಗಳಾವುವೂ ಅವರ ಪಾಲಿಗೆ ಬರಲಿಲ್ಲ. ಮುಂದೆ ಸಾವಿರ ಪುಟಗಳ ಗ್ರಂಥಗಳನ್ನು ಬರೆದಾಗಲೂ ಬಹುಪಾಲು ಕೆಲಸ ನಡೆದದ್ದು ಸೋಫಾದ ಮೇಲೆ ಒರಗಿಕೊಂಡೇ. ವೈದ್ಯಶಾಸ್ತ್ರ ಕೊಟ್ಟ ಗಡುವನ್ನು ಅವರು ಐದು ದಶಕಗಳಷ್ಟು ದಾಟಿದರು.

ಮೊದಲು ಕಾನೂನು ಓದಲು ಹೊರಟವರು ಮೂರು ಅವಧಿಗಳ ನಂತರ ಅದನ್ನು ಬಿಟ್ಟರು. 1902ರಲ್ಲಿ ಸ್ವಿಟ್ಜರ್‌ಲೆಂಡಿನ ಸಿಲ್ಸ್ ಮರಿಯಾ ಎಂಬ ಗಿರಿಗ್ರಾಮದಲ್ಲಿದ್ದಾಗ ವೈದ್ಯಕೀಯ ಓದುವುದೆಂದು ನಿಶ್ಚಯಿಸಿ ತಂದೆತಾಯಿಗಳಿಗೆ ತಿಳಿಸಿದರು. ಮನುಷ್ಯನು ಯಾರು ಎಂಬುದನ್ನು ತಿಳಿಯಬೇಕಾದರೆ ಅವನ ದೇಹ, ಮನಸ್ಸುಗಳನ್ನು ವಿಜ್ಞಾನದ ಮೂಲಕವೇ ಮೊದಲು ತಿಳಿಯಬೇಕೆಂಬುದು ಅವರ ತರ್ಕ. ಬರ್ಲಿನ್, ಗೊಟ್ಟಿಂಗೆನ್, ಹೈಡೆಲ್‌ಬರ್ಗ್‌ಗಳಲ್ಲಿ ಓದು ಮುಗಿಸಿ, ಹೈಡೆಲ್‌ಬರ್ಗಿನ ಮನೋರೋಗ ಚಿಕಿತ್ಸಾಲಯವನ್ನು ಸೇರಿದರು.

ಅವರ ವೈದ್ಯಕೀಯ ಪದವಿಯ ಪ್ರಬಂಧದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಊರಿನ ಹಂಬಲ ಮತ್ತು ಅಪರಾಧ ಎಂಬುದು ಆ ವಿಷಯ. ಹಳ್ಳಿಯ ಬಡಕುಟುಂಬಗಳ ಎಳೆಯ ಹುಡುಗಿಯರನ್ನು, ಇನ್ನೂ ಬಾಲ್ಯ ಕಳೆಯದವರನ್ನು, ದೂರದ ಮನೆಗಳಿಗೆ ಮಗು ನೋಡಿಕೊಳ್ಳುವ ಕೆಲಸಕ್ಕೆ ಕಳುಹಿಸುವುದು ಆ ಕಾಲದ ಯೂರೋಪಿನಲ್ಲಿ ವಾಡಿಕೆಯಾಗಿತ್ತು. ಅವರಲ್ಲಿ ಕೆಲವರು, ನಡತೆಯಲ್ಲಿ ಯಾವ ದೋಷವೂ ಇಲ್ಲದವರು, ಇದ್ದಕ್ಕಿದ್ದಂತೆ ಯಜಮಾನರ ಮನೆಗೆ ಬೆಂಕಿ ಹಚ್ಚಿದ, ಇಲ್ಲವೇ ತಾವೇ ಎತ್ತಿ ಆಡಿಸುತ್ತಿದ್ದ ಮಗುವನ್ನು ಕೊಂದ ಪ್ರಕರಣಗಳು ನ್ಯಾಯಾಲಯಗಳ ದಾಖಲೆಯಲ್ಲಿದ್ದವು. ಕ್ರೌರ್ಯವೆಂದು ಕೆಲವರು, ಬುದ್ಧಿಮಾಂದ್ಯವೆಂದು ಕೆಲವರು ಷರಾ ಬರೆದು ಕೈತೊಳೆದುಕೊಂಡಿದ್ದರು. ಯಾಸ್ಪರ್ಸ್ ಆ ಕಡತಗಳನ್ನು ಒಂದೊಂದಾಗಿ ಓದಿದರು. ಮನೆ ಸುಟ್ಟುಹೋದರೆ, ಮಗು ಇಲ್ಲವಾದರೆ, ಕೆಲಸವೂ ಇಲ್ಲವಾಗುತ್ತದೆ. ಆಗ ಊರಿಗೆ ಹಿಂದಿರುಗಬಹುದು. ಆ ಎಳೆಯ ಮನಸ್ಸಿಗೆ ಊರಿನ ಹಂಬಲವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಉಳಿದಿರಲಿಲ್ಲ. ಊರು ಬಿಟ್ಟು ಪರಭಾಷೆಯ ನಗರಗಳಲ್ಲಿ ನೆಲೆನಿಂತ ನಾವು ಈ ಹಂಬಲದ ಸೌಮ್ಯ ರೂಪವನ್ನಷ್ಟೇ ಬಲ್ಲೆವು; ಮಕ್ಕಳ ಪಾಲಿಗೆ ಅದು ಎಂಥ ಕಾಡ್ಗಿಚ್ಚಾಗಬಲ್ಲುದೆಂದು ಊಹಿಸುವುದೂ ಕಷ್ಟ. ಆ ಹುಡುಗಿಯರ ಕೃತ್ಯವನ್ನು ಯಾಸ್ಪರ್ಸ್ ಸಮರ್ಥಿಸಲಿಲ್ಲ. ಅದು ಒಳಗಿನಿಂದ ಹೇಗೆ ಹುಟ್ಟಿತೆಂದು ನೋಡಲು ಯತ್ನಿಸಿದರು. ಎಲ್ಲ ಪ್ರಕರಣಗಳಲ್ಲಿಯೂ ಹಾಗೆ ನೋಡಲು ಸಾಧ್ಯವಾಗದೆಂಬುದನ್ನೂ ಮುಚ್ಚಿಡಲಿಲ್ಲ.

ಚಿಕಿತ್ಸಾಲಯದ ಮುಖ್ಯಸ್ಥರಾದ ಫ್ರಾಂಟ್ಸ್ ನಿಸ್ಲ್ ಅವರು ಮೆದುಳಿನ ಜೀವಕೋಶಗಳಿಗೆ ಬಣ್ಣ ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಕಂಡುಹಿಡಿದು ಹೆಸರಾದವರು. ಮನಸ್ಸಿನ ರೋಗಗಳೆಲ್ಲ ಮೆದುಳಿನ ರೋಗಗಳೇ ಎಂಬುದು ಆ ಕಾಲದ ಬಹುಪಾಲು ವೈದ್ಯರ ನಂಬಿಕೆ. ಅನಾರೋಗ್ಯದ ನಿಮಿತ್ತ ಯಾಸ್ಪರ್ಸ್ ಅವರಿಗೆ ದಿನನಿತ್ಯದ ಸರದಿಯ ಕೆಲಸ ಮಾಡಲಾಗುತ್ತಿರಲಿಲ್ಲ. ಸಂಬಳವಿಲ್ಲದ ಸಹಾಯಕರಾಗಿ, ತಮಗೆ ಬೇಕಾದ ರೋಗಿಗಳನ್ನು ಬೇಕಾದಷ್ಟು ಹೊತ್ತು ಕಾಣುವ, ಗ್ರಂಥಾಲಯದಲ್ಲಿ ಕುಳಿತು ಓದುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು. ಓದುತ್ತ ಹೋದಂತೆ ಅವರಿಗೆ ಕಂಡದ್ದು ಒಂದು ದೊಡ್ಡ ಗೊಂದಲ. ಒಬ್ಬೊಬ್ಬ ಪಂಡಿತರು ಒಂದೊಂದು ಪರಿಭಾಷೆಯಲ್ಲಿ ಬರೆಯುತ್ತಿದ್ದರು. ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂಬುದರ ಗಡಿಯೇ ಇರಲಿಲ್ಲ. 1911ರಲ್ಲಿ ಹಿರಿಯ ಸಹೋದ್ಯೋಗಿ ವಿಲ್ಮನ್ಸ್ ಮತ್ತು ಪ್ರಕಾಶಕ ಸ್ಪ್ರಿಂಗರ್ ಅವರು ಈ ವಿಷಯದಲ್ಲಿ ಒಂದು ಗ್ರಂಥ ಬರೆಯುವಂತೆ ಕೇಳಿಕೊಂಡಾಗ ಯಾಸ್ಪರ್ಸ್ ಅವರಿಗೆ 28 ವರ್ಷ. ಎರಡು ವರ್ಷಗಳಲ್ಲಿ, 1913ರಲ್ಲಿ, ಸಾಮಾನ್ಯ ಮನೋರೋಗಶಾಸ್ತ್ರ ಎಂಬ ಅರ್ಥದ ಹೆಸರಿನ ಗ್ರಂಥ ಹೊರಬಂದಿತು. ಮನೋವೈದ್ಯಶಾಸ್ತ್ರದ ಇತಿಹಾಸದಲ್ಲಿ ಅದಕ್ಕೆ ಇಂದಿಗೂ ಶಾಸ್ತ್ರೀಯ ಗ್ರಂಥದ ಸ್ಥಾನವಿದೆ.

ಆ ಗ್ರಂಥದ ಹೃದಯವೆಂದರೆ ವಿವರಣೆ ಮತ್ತು ಅರಿವು ಎಂಬೆರಡರ ನಡುವಣ ಭೇದ. ಇದನ್ನು ಇತಿಹಾಸ ಮತ್ತು ಮಾನವಿಕ ಶಾಸ್ತ್ರಗಳಿಗಾಗಿ ಮೊದಲೇ ಪ್ರತಿಪಾದಿಸಿದ್ದವರು ಡಿಲ್ಟೈ. ಯಾಸ್ಪರ್ಸ್ ಅದನ್ನು ಆಸ್ಪತ್ರೆಗೆ ತಂದರು. ಒಬ್ಬನ ಮೆದುಳಿಗೆ ಸೋಂಕು ತಗುಲಿ ಅವನು ಬಡಬಡಿಸತೊಡಗಿದರೆ ಅದಕ್ಕೆ ಕಾರಣವನ್ನು ಹೊರಗಿನಿಂದ ತೋರಿಸಬಹುದು. ಕಲ್ಲು ಏಕೆ ಬಿದ್ದಿತೆಂದು ಹೇಳಿದಂತೆಯೇ ಅದು ವಿವರಣೆ. ಆದರೆ ಮೋಸಹೋದವನಿಗೆ ಸಿಟ್ಟು ಬಂದಿತು, ಅವಮಾನಿತನಾದವನು ಮಾತು ಬಿಟ್ಟನು ಎಂದಾಗ ನಮಗೆ ಯಾವ ನಿಯಮವೂ ಅಂಕಿಅಂಶವೂ ಬೇಕಾಗುವುದಿಲ್ಲ. ಒಂದು ಮನಃಸ್ಥಿತಿಯಿಂದ ಇನ್ನೊಂದು ಹುಟ್ಟುವುದನ್ನು ನಾವು ಒಳಗಿನಿಂದಲೇ ಕಾಣುತ್ತೇವೆ. ಇದು ಅರಿವು. ಎರಡೂ ಬೇಕು, ಒಂದು ಇನ್ನೊಂದರ ಸ್ಥಾನಕ್ಕೆ ಬರಲಾರದು.

ಇಲ್ಲಿಯವರೆಗಿನದು ಸುಲಭ. ಯಾಸ್ಪರ್ಸ್ ಅವರ ಹೆಚ್ಚುಗಾರಿಕೆಯಿರುವುದು ಮುಂದಿನ ಹೆಜ್ಜೆಯಲ್ಲಿ. ಒಳಗಿನಿಂದ ಸ್ಪಷ್ಟವಾಗಿ ಕಂಡಿತೆಂದ ಮಾತ್ರಕ್ಕೆ ಈ ವ್ಯಕ್ತಿಯ ವಿಷಯದಲ್ಲಿ ಅದು ನಿಜವಾಗಿ ನಡೆದಿದೆಯೆಂದು ಹೇಳುವಂತಿಲ್ಲ ಎಂದು ಅವರು ಎಚ್ಚರಿಸಿದರು. ಅವರು ಕೊಡುವ ಉದಾಹರಣೆ ಮನನೀಯವಾಗಿದೆ. ಯೂರೋಪಿನ ಶರತ್ಕಾಲವೆಂದರೆ ಎಲೆ ಉದುರುವ, ಮೋಡ ಕವಿದ, ಮನಸ್ಸು ಮುದುಡುವ ಕಾಲ. ಆ ಋತುವಿನಲ್ಲಿ ಬೇಸತ್ತ ಜೀವಗಳು ಸಾವನ್ನು ಬಯಸುವುದು ಯಾರಿಗಾದರೂ ಅರ್ಥವಾಗುವ ಸಂಗತಿ. ಆದರೆ ಲೆಕ್ಕ ತೆಗೆದು ನೋಡಿದರೆ ಆತ್ಮಹತ್ಯೆಗಳು ಹೆಚ್ಚಾಗುವುದು ವಸಂತದಲ್ಲಿ. ಹಾಗೆಂದು ನಮ್ಮ ಅರಿವು ಸುಳ್ಳಾಗುವುದಿಲ್ಲ. ವಿಷಾದಕ್ಕೂ ಕತ್ತಲೆಗೂ ಇರುವ ನಂಟು ನಂಟೇ. ಆದರೆ ಎದುರಿಗಿರುವ ಮನುಷ್ಯನಿಗೆ ಅದು ಅನ್ವಯಿಸುವುದೇ ಎಂಬುದನ್ನು ಅವನ ಮಾತು, ನಡೆ, ಬದುಕಿನ ವಿವರಗಳಿಂದಲೇ ನಿರ್ಧರಿಸಬೇಕು. ಸಾಕ್ಷ್ಯ ಕಡಿಮೆಯಿದ್ದರೆ ಅದು ಬರಿಯ ಊಹೆ. ನಮ್ಮ ಮನೆಗಳಲ್ಲಿ ಸೊಸೆಯ ಮೌನಕ್ಕೆ, ಮಗನ ಸಿಡುಕಿಗೆ ಕ್ಷಣಾರ್ಧದಲ್ಲಿ ಕಾರಣ ಹೇಳಿಬಿಡುವ ಹಿರಿಯರ ನೆನಪು ಈ ಭಾಗವನ್ನು ಓದುವಾಗ ಬಾರದಿರದು. ಫ್ರಾಯ್ಡ್ ಅವರೊಡನೆ ಯಾಸ್ಪರ್ಸ್ ಅವರ ಜಗಳವೂ ಇಲ್ಲಿಯೇ ಹುಟ್ಟಿದ್ದು. ಅರಿವಿನಿಂದ ಕಂಡದ್ದನ್ನು ಕಾರಣಕಾರ್ಯದ ನಿಯಮವೆಂದು ಸಾರಿ, ಎಲ್ಲ ಬೀಗಗಳಿಗೂ ಒಂದೇ ಕೀಲಿಕೈಯನ್ನು ಮನೋವಿಶ್ಲೇಷಣೆ ತೋರಿಸುತ್ತಿದೆಯೆಂಬುದು ಅವರ ಆಕ್ಷೇಪ. ಆ ಆಕ್ಷೇಪ ವಯಸ್ಸಾದಂತೆ ಕಹಿಯಾಗುತ್ತ ಹೋದದ್ದು, ಫ್ರಾಯ್ಡ್ ಅವರ ಪ್ರಯೋಜನಗಳನ್ನು ಕಾಣಗೊಡದಷ್ಟು ಬೆಳೆದದ್ದು ಒಪ್ಪತಕ್ಕದ್ದಲ್ಲ ಎಂದು ನನಗೆ ತೋರುತ್ತದೆ.

ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ಕೆಲವು ಬಗೆಯ ಹುಚ್ಚಿನಲ್ಲಿ ಮೂಡುವ ಭ್ರಮೆಗಳು ನಮ್ಮ ಅರಿವಿಗೆ ನಿಲುಕದವು, ಅಲ್ಲಿ ವಿವರಣೆಯೊಂದೇ ದಾರಿ ಎಂದು ಅವರು ಗೆರೆ ಎಳೆದರು. ಆ ಗೆರೆಯ ಆಚೆಗಿರುವ ರೋಗಿಗಳ ಮಾತನ್ನು ಕೇಳುವ ಅಗತ್ಯವೇ ಇಲ್ಲವೆಂದು ಭಾವಿಸಿದ ವೈದ್ಯರಿಗೆ ಅದು ನೆಪವಾಯಿತೆಂಬ ಟೀಕೆ ಮುಂದೆ ಬಂದಿತು. 1960ರಲ್ಲಿ ಬ್ರಿಟನ್ನಿನ ಮನೋವೈದ್ಯ ಆರ್. ಡಿ. ಲೇಂಗ್ ಅವರು, ಅಂಥವರ ಮಾತಿಗೂ ಅರ್ಥವಿದೆ, ಕೇಳುವ ತಾಳ್ಮೆ ಬೇಕು ಎಂದು ಪ್ರತಿಪಾದಿಸಿದರು. ಗೆರೆ ಎಳೆದ ಯಾಸ್ಪರ್ಸ್ ಅವರು ಸ್ವತಃ ರೋಗಿಗಳ ಆತ್ಮಕಥನಗಳನ್ನು ಆದರದಿಂದ ಕೇಳಿ ಬರೆದುಕೊಂಡವರೆಂಬುದೂ ನಿಜ.

ಹೈಡೆಲ್‌ಬರ್ಗಿನ ದಿನಗಳು ಅವರಿಗೆ ಎರಡು ಸಂಬಂಧಗಳನ್ನು ಕೊಟ್ಟವು. ವೈದ್ಯವಿದ್ಯಾರ್ಥಿಯಾಗಿದ್ದಾಗ ಜೊತೆಗಿದ್ದ ಎರ್ನ್ಸ್ಟ್ ಮಾಯರ್ ಎಂಬ ಗೆಳೆಯರ ಅಕ್ಕ ಗೆರ್ಟ್ರೂಡ್ ಅವರನ್ನು 1907ರಲ್ಲಿ ಮೊದಲ ಬಾರಿ ಕಂಡರು. ಗೆರ್ಟ್ರೂಡ್ ಯೆಹೂದಿ ವ್ಯಾಪಾರಸ್ಥ ಮನೆತನದವರು, ಯಾಸ್ಪರ್ಸ್ ಅವರಿಗಿಂತ ನಾಲ್ಕು ವರ್ಷ ದೊಡ್ಡವರು. ತಂಗಿಯ ಮಾನಸಿಕ ಅಸ್ವಾಸ್ಥ್ಯವನ್ನೂ ಆತ್ಮೀಯ ಸ್ನೇಹಿತರೊಬ್ಬರ ಆತ್ಮಹತ್ಯೆಯನ್ನೂ ಕಂಡು ನೊಂದಿದ್ದವರು; ಮಾನಸಿಕ ರೋಗಿಗಳ ಶುಶ್ರೂಷೆಯ ಕೆಲಸ ಮಾಡಿದವರು. ಅಲ್ಪಾಯುವೆಂದು ವೈದ್ಯರು ಹೇಳಿದ್ದ ಈ ರೋಗಿಷ್ಠ ತರುಣನನ್ನು ಅವರು 1910ರಲ್ಲಿ ವಿವಾಹವಾದರು. ಮಕ್ಕಳಾಗಲಿಲ್ಲ. ಮುಂದಿನ 59 ವರ್ಷ ಆ ದಾಂಪತ್ಯ ನಡೆಯಿತು. ಎರಡನೆಯದು ಸಮಾಜವಿಜ್ಞಾನಿ ಮ್ಯಾಕ್ಸ್ ವೇಬರ್ ಅವರ ಪರಿಚಯ. 1920ರಲ್ಲಿ ವೇಬರ್ ತೀರಿಕೊಂಡಾಗ ವಿದ್ಯಾರ್ಥಿಗಳ ಸಂತಾಪ ಸಭೆಯಲ್ಲಿ ಯಾಸ್ಪರ್ಸ್ ಅವರು, ವೇಬರ್ ನಮ್ಮ ಕಾಲದ ತತ್ತ್ವಜ್ಞಾನಿಯೆಂದು ಸಾರಿದರು. ಹೈಡೆಲ್‌ಬರ್ಗಿನ ತತ್ತ್ವಶಾಸ್ತ್ರದ ಹಿರಿಯ ಪ್ರಾಧ್ಯಾಪಕ ರಿಕರ್ಟ್ ಅವರಿಗೆ ಇದರಿಂದ ಕೋಪ ಬಂದಿತು. ಯಾಸ್ಪರ್ಸ್ ಅವರೇ ತತ್ತ್ವಜ್ಞಾನಿಯಲ್ಲ, ವೈದ್ಯ. ಅವರೇನು ಪದವಿ ಹಂಚುವುದು ಎಂಬುದು ರಿಕರ್ಟರ ನಿಲುವು.

ಅಷ್ಟರಲ್ಲಿ ಯಾಸ್ಪರ್ಸ್ ಆಸ್ಪತ್ರೆಯನ್ನು ಬಿಟ್ಟು ತತ್ತ್ವಶಾಸ್ತ್ರದ ವಿಭಾಗದಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರು. 1919ರಲ್ಲಿ ಬಂದ ಅವರ ಲೋಕದೃಷ್ಟಿಗಳ ಮನಶ್ಶಾಸ್ತ್ರ ಎಂಬ ಗ್ರಂಥದಲ್ಲಿ ಎಲ್ಲೆಯ ಸ್ಥಿತಿಗಳು ಎಂಬ ಕಲ್ಪನೆ ಮೊದಲು ಕಾಣಿಸಿತು. ಊರು, ಉದ್ಯೋಗ, ಸಂಗಡಿಗರು ಮೊದಲಾದ ಸ್ಥಿತಿಗಳನ್ನು ಮನುಷ್ಯ ಬದಲಿಸಿಕೊಳ್ಳಬಲ್ಲ. ಆದರೆ ಸಾವು, ನೋವು, ಹೋರಾಟ, ಅಪರಾಧ ಎಂಬಿವುಗಳಿಂದ ತಪ್ಪಿಸಿಕೊಳ್ಳಲಾರ. ಅವುಗಳ ಮುಂದೆ ನಮ್ಮ ತಿಳಿವಳಿಕೆಯ ಲೆಕ್ಕಾಚಾರವೆಲ್ಲ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಸಾವನ್ನು ಕುರಿತು ವೈದ್ಯನಿಗೆ ತಿಳಿದಿರುವುದು ಒಂದು, ನಾನು ಸಾಯುತ್ತೇನೆಂಬ ಅರಿವು ಇನ್ನೊಂದು. ಮೊದಲನೆಯದು ಜ್ಞಾನವನ್ನು ಹೆಚ್ಚಿಸುತ್ತದೆ. ಎರಡನೆಯದು ಮನುಷ್ಯನನ್ನೇ ಬದಲಿಸುತ್ತದೆ, ಇಲ್ಲವೇ ಅವನು ಮುಖ ತಿರುಗಿಸಿ ಓಡುವಂತೆ ಮಾಡುತ್ತದೆ. ಹದಿನೆಂಟರಲ್ಲಿಯೇ ತಮ್ಮ ಮರಣದ ಗಡುವನ್ನು ಓದಿದವರು ಬರೆದ ಮಾತಿದು ಎಂಬುದನ್ನು ಮರೆಯುವಂತಿಲ್ಲ.

1922ರಲ್ಲಿ, ರಿಕರ್ಟರ ವಿರೋಧವನ್ನೂ ಮೀರಿ, ಅವರು ತತ್ತ್ವಶಾಸ್ತ್ರದ ಪೂರ್ಣ ಪ್ರಾಧ್ಯಾಪಕರಾದರು. ಅನಂತರ ಸುಮಾರು ಹತ್ತು ವರ್ಷ ದೊಡ್ಡ ಗ್ರಂಥವಾವುದನ್ನೂ ಹೊರತರಲಿಲ್ಲ. ಅವರ ಕಥೆ ಮುಗಿಯಿತೆಂದು ವಿಶ್ವವಿದ್ಯಾಲಯದಲ್ಲಿ ಆಡಿಕೊಂಡರು. ಭಾವಮೈದುನ ಎರ್ನ್ಸ್ಟ್ ಮಾಯರ್ ಅವರೊಡನೆ ಸಾಲು ಸಾಲಾಗಿ ಚರ್ಚಿಸಿ ತಿದ್ದಿದ ತತ್ತ್ವಜ್ಞಾನ ಎಂಬ ಮೂರು ಸಂಪುಟಗಳ ಗ್ರಂಥ ಕೊನೆಗೆ 1932ರಲ್ಲಿ ಬೆಳಕು ಕಂಡಿತು. ಮನುಷ್ಯನು ತನ್ನನ್ನು ಕುರಿತು ತಿಳಿಯಬಹುದಾದ ಎಲ್ಲಕ್ಕಿಂತಲೂ ಯಾವಾಗಲೂ ಹೆಚ್ಚಾಗಿರುತ್ತಾನೆಂಬುದು ಅದರ ಮುಖ್ಯ ವಿಚಾರ. ದೇಹಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳು ಅವನ ಒಂದೊಂದು ಮುಖವನ್ನು ಹೇಳುತ್ತವೆ. ಅವೆಲ್ಲವನ್ನು ಕೂಡಿಸಿದರೂ ಆಯ್ಕೆ ಮಾಡುವ, ಹೊಣೆ ಹೊರುವ ಆ ಒಬ್ಬನು ಕೈಗೆ ಸಿಗುವುದಿಲ್ಲ. ಅವನು ಸ್ಪಷ್ಟವಾಗುವುದು ಇನ್ನೊಬ್ಬನೊಡನೆ ನಡೆಸುವ ಮುಕ್ತ ಸಂವಾದದಲ್ಲಿ. ಗೆಲ್ಲುವ ಇಚ್ಛೆಯಿಲ್ಲದ, ಆದರೆ ಒಬ್ಬರನ್ನೊಬ್ಬರು ಪ್ರಶ್ನಿಸಲು ಹಿಂಜರಿಯದ ಮಾತುಕತೆಯನ್ನು ಅವರು ಪ್ರೀತಿಯ ಹೋರಾಟವೆಂದು ಕರೆದರು. ಏಕಾಂತದಲ್ಲಿ ಒಬ್ಬನೇ ತಾನಾಗಲಾರ ಎಂಬ ಈ ನಿಲುವಿನಿಂದಾಗಿ ಅವರು ಇತರ ಅಸ್ತಿತ್ವವಾದಿಗಳಿಂದ ಬೇರೆಯಾಗಿ ನಿಲ್ಲುತ್ತಾರೆ. ಅಸ್ತಿತ್ವವಾದಿ ಎಂಬ ಹಣೆಪಟ್ಟಿಯೇ ಅವರಿಗೆ ಒಪ್ಪಿಗೆಯಾಗಿರಲಿಲ್ಲ.

ಈ ಸಂವಾದದ ತತ್ತ್ವಕ್ಕೆ ಮೊದಲ ಪೆಟ್ಟು ಬಿದ್ದದ್ದು ಸ್ನೇಹದಲ್ಲಿ. ಮಾರ್ಟಿನ್ ಹೈಡೆಗರ್ ಅವರನ್ನು ಯಾಸ್ಪರ್ಸ್ ಕಂಡದ್ದು 1920ರಲ್ಲಿ. ವಿಶ್ವವಿದ್ಯಾಲಯಗಳ ಒಣ ತತ್ತ್ವಶಾಸ್ತ್ರದ ವಿರುದ್ಧ ತಾವಿಬ್ಬರೂ ಒಂದೇ ಪಕ್ಷದವರೆಂಬ ಭಾವನೆ ಅವರಲ್ಲಿತ್ತು. ಹೈಡೆಗರ್ ಹೈಡೆಲ್‌ಬರ್ಗಿಗೆ ಬಂದು ಯಾಸ್ಪರ್ಸರ ಮನೆಯಲ್ಲಿ ದಿನಗಟ್ಟಲೆ ಉಳಿಯುತ್ತಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದೊಡನೆ ಹೈಡೆಗರ್ ನಾಜಿ ಪಕ್ಷವನ್ನು ಸೇರಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆದರು. ಆ ವರ್ಷ ಯಾಸ್ಪರ್ಸರ ಮನೆಗೆ ಬಂದದ್ದೇ ಕೊನೆ; ಮತ್ತೆಂದೂ ಇಬ್ಬರೂ ಭೇಟಿಯಾಗಲಿಲ್ಲ. ಮನುಷ್ಯರನ್ನು ಅರಿಯುವ ಶಾಸ್ತ್ರವನ್ನೇ ಬರೆದ ಯಾಸ್ಪರ್ಸರಿಗೆ, ಎದುರಿಗೆ ಕುಳಿತ ಗೆಳೆಯ ಎತ್ತ ಸಾಗುತ್ತಿದ್ದಾನೆಂಬುದು ಹೊಳೆದಿರಲಿಲ್ಲ. ಆಗಲೇ ನೇರವಾಗಿ ಎಚ್ಚರಿಸದೆ ಹೋದೆನಲ್ಲಾ ಎಂಬ ಕೊರಗು ಅವರ ಬರಹಗಳಲ್ಲಿ ಉಳಿದಿದೆ.

ಎರಡನೆಯ ಪೆಟ್ಟು ಮನೆಗೇ ಬಿದ್ದಿತು. ಹೆಂಡತಿ ಯೆಹೂದಿಯೆಂಬ ಕಾರಣಕ್ಕೆ 1933ರಲ್ಲಿ ಅವರನ್ನು ವಿಶ್ವವಿದ್ಯಾಲಯದ ಆಡಳಿತದಿಂದ ದೂರವಿಟ್ಟರು, 1937ರಲ್ಲಿ ಹುದ್ದೆಯಿಂದಲೇ ತೆಗೆದರು, 1938ರಿಂದ ಪುಸ್ತಕ ಪ್ರಕಟಣೆಯ ದಾರಿಯೂ ಮುಚ್ಚಿತು. ನೆರೆಹೊರೆಯ ಬಳಕೆ ತೆಳುವಾಯಿತು. ಈ ವರ್ಷಗಳಲ್ಲಿ ಪತಿಪತ್ನಿಯರ ನಡುವೆಯೇ ಒಂದು ಸೂಕ್ಷ್ಮ ಬಿರುಕನ್ನು ನೋಡುತ್ತೇವೆ. ಗೆರ್ಟ್ರೂಡ್ ಜರ್ಮನಿಯನ್ನು ತನ್ನ ಮನೆಯೆಂದು ಪ್ರೀತಿಸಿದವರು. ಆ ದೇಶ ತನ್ನನ್ನು ಹೊರದೂಡಿತೆಂಬ ನೋವಿನಲ್ಲಿದ್ದ ಅವರಿಗೆ, ನಿನ್ನ ಪಾಲಿಗೆ ನಾನೇ ಜರ್ಮನಿ ಎಂಬ ಅರ್ಥದಲ್ಲಿ ಪತಿ ಸಮಾಧಾನ ಹೇಳಿದ್ದರು. ಅದು ತೀರ ಸುಲಭದ ಮಾತಾಯಿತೆಂದು ತಮಗೆ ಅನ್ನಿಸಿದ್ದನ್ನು ಯುದ್ಧದ ನಂತರ ಗೆರ್ಟ್ರೂಡ್ ಅವರು ಹಾನ್ನಾ ಅರೆಂಟ್ ಅವರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಅಷ್ಟು ಅನ್ಯೋನ್ಯವಾಗಿದ್ದ ದಂಪತಿಗಳಲ್ಲಿಯೂ ಒಬ್ಬರ ನೋವು ಇನ್ನೊಬ್ಬರಿಗೆ ಪೂರ್ತಿಯಾಗಿ ತಲುಪಿರಲಿಲ್ಲ.

ವಿದೇಶಕ್ಕೆ ಹೋಗುವ ಪ್ರಯತ್ನಗಳು ಒಂದಾದ ಮೇಲೊಂದು ವಿಫಲವಾದವು. 1941ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಿಂದ ಉಪನ್ಯಾಸಗಳಿಗೆ ಆಹ್ವಾನ ಬಂದಿತು. ಯಾಸ್ಪರ್ಸ್ ಹೋಗಬಹುದು, ಪತ್ನಿ ಇಲ್ಲಿಯೇ ಉಳಿಯಬೇಕು ಎಂಬ ಉತ್ತರ ಸರಕಾರದಿಂದ ಬಂದಿತು. ಅವರು ಹೋಗಲಿಲ್ಲ. ಆ ವರ್ಷಗಳ ಅವರ ದಿನಚರಿ ಮುಂದೆ ಪ್ರಕಟವಾಗಿದೆ. ತನ್ನಿಂದಾಗಿ ಪತಿಯ ಜೀವವೂ ಕೆಲಸವೂ ನಾಶವಾಗಬಾರದು, ತಾನೊಬ್ಬಳೇ ಸಾಯುತ್ತೇನೆ ಎಂಬುದು ಗೆರ್ಟ್ರೂಡ್ ಅವರ ಬಯಕೆಯಾಗಿತ್ತು. ಆಕೆಯನ್ನು ಬಿಟ್ಟು ಉಳಿಸಿಕೊಂಡ ತತ್ತ್ವಜ್ಞಾನಕ್ಕೆ ಯಾವ ಬೆಲೆಯೂ ಇಲ್ಲವೆಂಬುದು ಯಾಸ್ಪರ್ಸ್ ಅವರ ನಿಶ್ಚಯ. ಇಬ್ಬರೂ ವಿಷವನ್ನು ಸಿದ್ಧವಾಗಿಟ್ಟುಕೊಂಡರು. ಬಂಧನದ ಭೀತಿ ಹೆಚ್ಚಾದಾಗ ಗೆರ್ಟ್ರೂಡ್ ಸ್ನೇಹಿತರ ಮನೆಗಳಲ್ಲಿ ಅಡಗಿರುತ್ತಿದ್ದರು. ಅವರಿಬ್ಬರನ್ನು 1945ರ ಏಪ್ರಿಲ್ 14ರಂದು ಸಾಗಿಸಲು ದಿನ ಗೊತ್ತಾಗಿದೆಯೆಂಬ ಸುದ್ದಿ ಗುಟ್ಟಾಗಿ ತಲುಪಿತು. ಏಪ್ರಿಲ್ 1ರ ವೇಳೆಗೆ ಅಮೆರಿಕದ ಸೈನ್ಯ ಹೈಡೆಲ್‌ಬರ್ಗನ್ನು ಪ್ರವೇಶಿಸಿತ್ತು. ಎರಡು ವಾರಗಳ ಅಂತರ.

ಈ ಅಂಧಕಾರದ ವರ್ಷಗಳಲ್ಲಿ ಅವರಿಗೆ ದೊರೆತ ಒಂದು ಬೆಳಕು ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಹೈಡೆಲ್‌ಬರ್ಗಿನಲ್ಲಿ ಭಾರತಶಾಸ್ತ್ರದ ವಿದ್ವಾಂಸರಾಗಿದ್ದ ಹೈನ್ರಿಕ್ ಝಿಮ್ಮರ್ ಅವರ ಪತ್ನಿಯೂ ಯೆಹೂದಿ ಮೂಲದವರು. ನೌಕರಿ ಕಳೆದುಕೊಂಡು 1939ರಲ್ಲಿ ದೇಶ ಬಿಡುವ ಮುನ್ನ ಝಿಮ್ಮರ್ ಅವರು ಭಾರತ, ಚೀನಾಗಳ ಗ್ರಂಥಗಳನ್ನೂ ಅನುವಾದಗಳನ್ನೂ ಯಾಸ್ಪರ್ಸ್ ಅವರಿಗೆ ತಂದುಕೊಟ್ಟರು. ತಮ್ಮದೇ ದೇಶದಲ್ಲಿ ಪರಕೀಯರಾಗಿ ಕುಳಿತ ಆ ದಿನಗಳಲ್ಲಿ ಯಾಸ್ಪರ್ಸ್ ಬುದ್ಧನನ್ನೂ ಉಪನಿಷತ್ತುಗಳನ್ನೂ ಕನ್‌ಫ್ಯೂಷಿಯಸನನ್ನೂ ಓದಿದರು. 1949ರಲ್ಲಿ ಪ್ರಕಟವಾದ, ಇತಿಹಾಸದ ಮೂಲ ಮತ್ತು ಗುರಿಯನ್ನು ಕುರಿತ ಗ್ರಂಥದಲ್ಲಿ ಅದರ ಫಲವಿದೆ. ಕ್ರಿಸ್ತಪೂರ್ವ 800ರಿಂದ 200ರವರೆಗಿನ ಕಾಲದಲ್ಲಿ ಭಾರತ, ಚೀನಾ, ಪರ್ಷಿಯಾ, ಪ್ಯಾಲೆಸ್ಟೈನ್, ಗ್ರೀಸ್‌ಗಳಲ್ಲಿ, ಒಂದಕ್ಕೊಂದು ಸಂಪರ್ಕವಿಲ್ಲದೆಯೇ, ಮನುಷ್ಯನು ತನ್ನನ್ನು ತಾನು ಪ್ರಶ್ನಿಸಿಕೊಳ್ಳತೊಡಗಿದನೆಂದು ಹೇಳಿ, ಆ ಕಾಲವನ್ನು ಇತಿಹಾಸದ ಅಚ್ಚು ಎಂಬರ್ಥದ ಹೆಸರಿನಿಂದ ಕರೆದರು. 1957ರ ಮಹಾ ತತ್ತ್ವಜ್ಞಾನಿಗಳು ಗ್ರಂಥದಲ್ಲಿ ಸಾಕ್ರಟೀಸ್, ಬುದ್ಧ, ಕನ್‌ಫ್ಯೂಷಿಯಸ್, ಏಸು ಈ ನಾಲ್ವರನ್ನು ಮೊದಲಿಗೆ ನಿಲ್ಲಿಸಿದರು. ನಾಗಾರ್ಜುನನಿಗೂ ಅದರಲ್ಲಿ ಸ್ಥಾನ ಕೊಟ್ಟರು. ಅವರಿಗೆ ಸಂಸ್ಕೃತ ತಿಳಿಯದು, ಓದಿದ್ದೆಲ್ಲ ಅನುವಾದದಲ್ಲಿ. ಕಾಲನಿರ್ಣಯದ ವಿಷಯದಲ್ಲಿ ಇತಿಹಾಸಕಾರರ ಆಕ್ಷೇಪಗಳೂ ಉಂಟು. ಆದರೂ ತತ್ತ್ವಜ್ಞಾನವೆಂದರೆ ಗ್ರೀಸಿನಿಂದ ಜರ್ಮನಿಗೆ ಬಂದದ್ದಷ್ಟೇ ಎಂದು ನಂಬಿದ್ದ ತಮ್ಮವರ ನಡುವೆ ಆ ಗೋಡೆಯನ್ನು ಕೆಡವಿದ ಶ್ರೇಯಸ್ಸು ಅವರದು.

ಯುದ್ಧ ಮುಗಿದ ಚಳಿಗಾಲದಲ್ಲಿ, 1945-46ರಲ್ಲಿ, ಜರ್ಮನಿಯ ಅಪರಾಧವನ್ನು ಕುರಿತು ಅವರು ವಿದ್ಯಾರ್ಥಿಗಳಿಗೆ ಉಪನ್ಯಾಸಗಳನ್ನು ಕೊಟ್ಟರು. ಕಾನೂನು ಶಿಕ್ಷಿಸುವ ಅಪರಾಧ, ಪ್ರಜೆಗಳೆಲ್ಲ ಹೊರಬೇಕಾದ ರಾಜಕೀಯ ಹೊಣೆ, ಒಬ್ಬೊಬ್ಬರ ಆತ್ಮಸಾಕ್ಷಿಗೆ ಬಿಟ್ಟ ನೈತಿಕ ತಪ್ಪು ಎಂದು ಬೇರ್ಪಡಿಸಿ, ಅವುಗಳಾಚೆ ನಾಲ್ಕನೆಯದೊಂದನ್ನು ಹೇಳಿದರು. ನೆರೆಯವರನ್ನು ಕೊಂಡೊಯ್ಯುವಾಗ ಬೀದಿಗೆ ಬಂದು ಕೂಗಿ ಸಾಯದೆ, ಸತ್ತರೆ ಏನೂ ಉಪಯೋಗವಿಲ್ಲವೆಂಬ ಸರಿಯಾದ ಆದರೆ ದುರ್ಬಲವಾದ ನೆಪದಿಂದ ಬದುಕಿ ಉಳಿದದ್ದೇ ಆ ಅಪರಾಧ. ಅದರಲ್ಲಿ ತಮ್ಮನ್ನೂ ಸೇರಿಸಿಕೊಂಡರು. ಹಸಿವು, ಚಳಿಗಳಿಂದ ನಡುಗುತ್ತಿದ್ದ ಜನಕ್ಕೆ ಈ ಮಾತು ರುಚಿಸಲಿಲ್ಲ. ಹೈಡೆಗರ್ ಅವರ ವಿಷಯದಲ್ಲಿ ವಿಚಾರಣಾ ಸಮಿತಿ ಅಭಿಪ್ರಾಯ ಕೇಳಿದಾಗ, ಸದ್ಯಕ್ಕೆ ಅವರಿಗೆ ಪಾಠ ಹೇಳಲು ಬಿಡಬಾರದು, ಆದರೆ ಬರೆಯುವುದಕ್ಕೆ ಅನುಕೂಲವಾಗುವಂತೆ ಜೀವನಕ್ಕೆ ಪಿಂಚಣಿ ಕೊಡಬೇಕು ಎಂದು 1945ರ ಡಿಸೆಂಬರಿನಲ್ಲಿ ಬರೆದರು. ಹಳೆಯ ಶಿಷ್ಯೆ ಹಾನ್ನಾ ಅರೆಂಟ್ ಅಮೆರಿಕದಿಂದ ಆಹಾರದ ಪೊಟ್ಟಣಗಳನ್ನು ಕಳುಹಿಸುತ್ತಿದ್ದರು, ಜೊತೆಗೆ ವಾದವನ್ನೂ ಹೂಡುತ್ತಿದ್ದರು. ನಾಜಿಗಳ ಕೃತ್ಯ ಅಪರಾಧವೆಂಬ ಪದಕ್ಕೇ ಮೀರಿದ್ದೆಂಬುದು ಅವರ ವಾದ. ಹಾಗೆ ಹೇಳಿದರೆ ಆ ಕೃತ್ಯಗಳಿಗೆ ರಾಕ್ಷಸ ಮಹಿಮೆಯನ್ನು ಕೊಟ್ಟಂತಾಗುತ್ತದೆ, ಅವು ತೀರ ಕ್ಷುದ್ರವಾದವೆಂದೇ ಕಾಣಬೇಕು ಎಂದು ಗುರು 1946ರಲ್ಲಿ ಉತ್ತರಿಸಿದರು. 1963ರಲ್ಲಿ ಐಖ್ಮನ್ ವಿಚಾರಣೆಯ ಬಗ್ಗೆ ಶಿಷ್ಯೆ ಬರೆದ ಪ್ರಸಿದ್ಧ ಗ್ರಂಥವನ್ನು ಓದಿದವರಿಗೆ ಈ ಉತ್ತರದ ಪ್ರತಿಧ್ವನಿ ಅಲ್ಲಿ ಕೇಳಿಸೀತು.

1948ರಲ್ಲಿ ದಂಪತಿಗಳು ಬಾಸೆಲ್ ನಗರಕ್ಕೆ ತೆರಳಿದರು. ಕಷ್ಟಕಾಲದಲ್ಲಿ ದೇಶವನ್ನು ಬಿಟ್ಟರೆಂದು ಜರ್ಮನಿಯಲ್ಲಿ ಅನೇಕರು ಜರೆದರು. ಬಾಸೆಲ್ ಆಕಾಶವಾಣಿಯಲ್ಲಿ ಸಾಮಾನ್ಯ ಜನರಿಗಾಗಿ ಅವರು ನೀಡಿದ 12 ಭಾಷಣಗಳು 1950ರಲ್ಲಿ ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋದವು. ಇವರ ಬರಹಕ್ಕೆ ಪ್ರವೇಶ ಬಯಸುವವರಿಗೆ ಇಂದಿಗೂ ಅದೇ ಹೆಬ್ಬಾಗಿಲು. 1958ರಲ್ಲಿ ಅಣುಬಾಂಬನ್ನು ಕುರಿತು ಬರೆದರು, ಜರ್ಮನ್ ಪುಸ್ತಕ ವ್ಯಾಪಾರಿಗಳ ಶಾಂತಿ ಪುರಸ್ಕಾರ ಪಡೆದರು. 1966ರಲ್ಲಿ ಪಶ್ಚಿಮ ಜರ್ಮನಿಯ ಪ್ರಜಾಪ್ರಭುತ್ವ ದಾರಿ ತಪ್ಪುತ್ತಿದೆಯೆಂದು ಬರೆದು ವಿವಾದಕ್ಕೆ ಸಿಲುಕಿದರು. ಮರುವರ್ಷ ಸ್ವಿಸ್ ಪೌರತ್ವವನ್ನು ಸ್ವೀಕರಿಸಿದರು.

ಯಾಸ್ಪರ್ಸ್ ನಿಧನರಾದದ್ದು 1969ರ ಫೆಬ್ರವರಿ 26ರಂದು, ತಮ್ಮ 86ನೆಯ ಹುಟ್ಟುಹಬ್ಬ ಕಳೆದ ಮೂರನೆಯ ದಿನ. ಅಂದು ಗೆರ್ಟ್ರೂಡ್ ಅವರಿಗೆ 90 ವರ್ಷ ತುಂಬಿದ ದಿನ. ಪತಿಯಿಲ್ಲದೆ ಅವರು ಇನ್ನೂ ಐದು ವರ್ಷ ಬದುಕಿ 1974ರಲ್ಲಿ ತೀರಿಕೊಂಡರು. ಯಾಸ್ಪರ್ಸರ ಬರವಣಿಗೆಯ ಮೇಜಿನ ಮೇಲೆ ಬಿಡಿಹಾಳೆಗಳ ಒಂದು ಕಟ್ಟು ಉಳಿದಿತ್ತು. ಅವೆಲ್ಲ ಹೈಡೆಗರ್ ಅವರನ್ನು ಕುರಿತ ಟಿಪ್ಪಣಿಗಳು. 1949ರಲ್ಲಿ ಪತ್ರವ್ಯವಹಾರ ಮತ್ತೆ ಆರಂಭವಾಗಿ, ತೊಡರಿ, ಕ್ಷೀಣಿಸಿಹೋಗಿತ್ತು. ಆ ಗೆಳೆಯ ಯಾರು, ಏಕೆ ಹಾಗಾದ ಎಂದು ದಶಕಗಳ ಕಾಲ ಯಾಸ್ಪರ್ಸ್ ಬರೆಯುತ್ತಲೇ, ಹೊಡೆದುಹಾಕುತ್ತಲೇ, ಮತ್ತೆ ಬರೆಯುತ್ತಲೇ ಇದ್ದರು. ಅವರ ಸಹಾಯಕ ಹಾನ್ಸ್ ಸಾನರ್ ಆ ಹಾಳೆಗಳನ್ನು ಜೋಡಿಸಿ 1978ರಲ್ಲಿ ಪ್ರಕಟಿಸಿದರು.